ಹಿಮವೋ ಮಳೆಯೋ, ಬೀಳುವ ವೇಗ ಹೇಳುತ್ತದೆ

ಕೇಳುಗರೇ, ನಮಸ್ಕಾರ.

ಬೆಂಗಳೂರಿನಲ್ಲಿ ಸಂಜೆ ಗುಡುಗು ಸಿಡಿಲಿನ ಮಳೆ ಬರುತ್ತದೆ. ಆರ್ಭಟವೆಲ್ಲ ಮುಗಿದ ಮೇಲೂ ಒಂದೆರಡು ಗಂಟೆ ಒಂದೇ ಸಮನೆ ಸುರಿಯುತ್ತಿರುತ್ತದೆ, ಅಲ್ವಾ? ಆ ಹೊತ್ತಿನ ಹನಿಗಳಲ್ಲಿ ಹೆಚ್ಚಿನವು ಸ್ವಲ್ಪ ಮುಂಚೆ ಹಿಮವಾಗಿದ್ದವು ಅಂದರೆ ನಂಬುತ್ತೀರಾ? ಆಲಿಕಲ್ಲಿನ ಮಾತು ಹೇಳುತ್ತಿಲ್ಲ. ನಿಜವಾದ ಹಿಮ, ಕಾಶ್ಮೀರದಲ್ಲಿ ಬೀಳುವಂಥದ್ದೇ. ನಮ್ಮ ಕಡೆ ನೆಲದಿಂದ ನಾಲ್ಕೈದು ಕಿಲೋಮೀಟರ್ ಮೇಲೆ ಹೋದರೆ ಸೊನ್ನೆ ಡಿಗ್ರಿ. ಅದರಿಂದಾಚೆ ಹಿಮ, ಈಚೆ ಮಳೆ.

ಇದನ್ನು ನೆಲದ ಮೇಲೆ ಕೂತೇ ನೋಡಬಹುದು. ನೋಡುವ ಉಪಕರಣ ಮಾತ್ರ ಮಳೆಗೆಂದು ಮಾಡಿದ್ದಲ್ಲ, ಗಾಳಿಗೆಂದು ಮಾಡಿದ್ದು. ಹೆಸರು ವಿಂಡ್ ಪ್ರೊಫೈಲರ್ ರೇಡಾರ್.

ತಿರುಪತಿಯ ಹತ್ತಿರ ಗಾದಂಕಿ ಅಂತ ಒಂದು ಊರಿದೆ. ಅಲ್ಲಿ ಬಾಹ್ಯಾಕಾಶ ಇಲಾಖೆಗೆ ಸೇರಿದ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯ ಇದೆ. ಅದರ ದೊಡ್ಡ ರೇಡಾರ್ 1990ರ ದಶಕದ ಮೊದಲ ವರ್ಷಗಳಿಂದ ಕೆಲಸ ಮಾಡುತ್ತಿದೆ. ರೇಡಾರ್ ಅಂದಕೂಡಲೇ ತಿರುಗುವ ದೊಡ್ಡ ತಟ್ಟೆ ನೆನಪಾಗುತ್ತದೆ. ಇಲ್ಲಿ ತಟ್ಟೆಯೂ ಇಲ್ಲ, ತಿರುಗುವುದೂ ಇಲ್ಲ. 130 ಮೀಟರ್ ಉದ್ದ, ಅಷ್ಟೇ ಅಗಲದ ಬಯಲು. ಅದರ ತುಂಬ ಸಾಲಿಗೆ 32ರಂತೆ 32 ಸಾಲು, ಒಟ್ಟು 1024 ಆಂಟೆನಾಗಳು. ದೂರದರ್ಶನ ಒಂದೇ ಚಾನೆಲ್ ಇದ್ದ ಕಾಲದಲ್ಲಿ ಮನೆ ಮಾಳಿಗೆಯ ಮೇಲೆ ಇರುತ್ತಿದ್ದ ಯಾಗಿ ಆಂಟೆನಾ ಇದೆಯಲ್ಲ, ಅದೇ ಜಾತಿಯವು. ಎಲ್ಲವೂ ಸೇರಿ ಅಲೆಗಳನ್ನು ನೆಟ್ಟಗೆ ಮೇಲಕ್ಕೆ ಕಳಿಸುತ್ತವೆ. ಆಮೇಲೆ ಸ್ವಲ್ಪ ವಾಲಿಸಿ ಬೇರೆ ಬೇರೆ ದಿಕ್ಕಿಗೂ ಕಳಿಸುತ್ತವೆ.

ಬರೀ ಗಾಳಿ ಅಲೆಯನ್ನು ವಾಪಸ್ ಕಳಿಸುತ್ತದಾ? ಕಳಿಸುತ್ತದೆ, ತೀರ ಕ್ಷೀಣವಾಗಿ. ಗಾಳಿಯಲ್ಲಿ ಸಣ್ಣ ಸಣ್ಣ ಸುಳಿಗಳಿರುತ್ತವೆ. ಸುಳಿಯ ಒಂದು ಬದಿ ತುಸು ಬೆಚ್ಚಗೆ, ಇನ್ನೊಂದು ಬದಿ ತುಸು ತೇವ. ರೇಡಾರ್ ಅಲೆಯ ಉದ್ದದ ಅರ್ಧದಷ್ಟು ಗಾತ್ರದ ಸುಳಿಗಳು ಸಿಕ್ಕರೆ ಪ್ರತಿಧ್ವನಿ ಬರುತ್ತದೆ. ಗಾದಂಕಿಯ ರೇಡಾರ್ 53 ಮೆಗಾಹರ್ಟ್ಸ್‌ನದು. ಅದರ ಅಲೆಯ ಉದ್ದ ಐದೂವರೆ ಮೀಟರಿಗೂ ಜಾಸ್ತಿ, ಅಂದಮೇಲೆ ಮೂರು ಮೀಟರಿಗೆ ತುಸು ಕಡಿಮೆ ಗಾತ್ರದ ಸುಳಿಗಳು ಅದಕ್ಕೆ ಕಾಣುತ್ತವೆ. ಸುಳಿ ಗಾಳಿಯ ಜೊತೆ ತೇಲಿ ಹೋಗುವಾಗ, ಮರಳಿ ಬಂದ ಅಲೆಯ ಆವರ್ತನ ಕೂದಲೆಳೆಯಷ್ಟು ಬದಲಾಗಿರುತ್ತದೆ. ಇದು ಡಾಪ್ಲರ್ ಲೆಕ್ಕ. ಅದರಿಂದ ಯಾವ ಎತ್ತರದಲ್ಲಿ ಗಾಳಿ ಎಷ್ಟು ವೇಗ, ಯಾವ ಕಡೆಗೆ ಅಂತ ತಿಳಿಯುತ್ತದೆ.

ಗಾಳಿ ಅಳೆಯುವವರಿಗೆ ಮಳೆ ಅಂದರೆ ತಲೆನೋವು. ಮೇಲ್ಮುಖ ಕಿರಣದಲ್ಲಿ ಗಾಳಿ ಸೆಕೆಂಡಿಗೆ 7 ಮೀಟರ್ ಕೆಳಕ್ಕೆ ನುಗ್ಗುತ್ತಿದೆ ಅಂತ ಪರದೆ ತೋರಿಸುತ್ತದೆ. ಗಾಳಿ ಎಲ್ಲಿ ನುಗ್ಗುತ್ತೆ? ಬೀಳುತ್ತಿರುವುದು ಹನಿ. ಮಳೆ ಒಂದೇ ಅಲ್ಲ. ಅಮೆರಿಕದಲ್ಲಿ ರಾತ್ರಿ ವಲಸೆ ಹೋಗುವ ಹಕ್ಕಿಗಳೂ ಹೀಗೇ ಲೆಕ್ಕ ಕೆಡಿಸಿದ್ದವು. ಹಕ್ಕಿ ಹಾರಿದ ವೇಗವೇ ಗಾಳಿಯ ವೇಗವಾಗಿ ದಾಖಲಾಗಿತ್ತು! ಆದರೆ ಹಕ್ಕಿಯನ್ನು ಸೋಸಿ ತೆಗೆದಂತೆ ಮಳೆಯನ್ನು ಸುಮ್ನೆ ಸೋಸಿ ಎಸೆಯುವುದು ದಡ್ಡತನ. ಗಾಳಿಯ ಲೆಕ್ಕಕ್ಕೆ ಕಸ ಅನಿಸಿದ್ದರಲ್ಲೇ ಮಳೆಯ ಕಥೆ ಇದೆ.

ಈಗ ಮೇಲ್ಮುಖ ಕಿರಣವನ್ನು ಹತ್ತಿರದಿಂದ ನೋಡೋಣ. ಮೇಲಿನಿಂದ ಕೆಳಕ್ಕೆ ಬನ್ನಿ. 6 ಕಿಲೋಮೀಟರ್ ಎತ್ತರದಲ್ಲಿ ಪ್ರತಿಧ್ವನಿ ಮಂಕು, ಬೀಳುವ ವೇಗ ಸೆಕೆಂಡಿಗೆ ಒಂದು, ಒಂದೂವರೆ ಮೀಟರ್. ಇಷ್ಟು ನಿಧಾನಕ್ಕೆ ಬೀಳುವುದು ಹಿಮ. ಐದು ಕಿಲೋಮೀಟರ್ ಹತ್ತಿರ ಬಂದಾಗ ಅದು ಕರಗಲು ಶುರು. ಹಿಮದ ಎಸಳಿನ ಮೈಗೆ ನೀರಿನ ಪೊರೆ ಕಟ್ಟುತ್ತದೆ. ನೀರು ರೇಡಾರ್ ಅಲೆಯನ್ನು ಮಂಜುಗಡ್ಡೆಗಿಂತ ಬಹಳ ಚೆನ್ನಾಗಿ ಚದುರಿಸುತ್ತದೆ. ಎಸಳಿನ ಅಗಲ ಇನ್ನೂ ಹಾಗೇ ಇದೆ, ಮೇಲೆ ನೀರು ಬೇರೆ. ರೇಡಾರಿಗೆ ಅದು ಭಾರಿ ಗಾತ್ರದ ಹನಿಯ ಹಾಗೆ ಕಾಣುತ್ತದೆ. ಪರದೆಯಲ್ಲಿ ಆ ಜಾಗಕ್ಕೆ ಒಂದು ಹೊಳೆಯುವ ಪಟ್ಟಿ ಬೀಳುತ್ತದೆ. ಬ್ರೈಟ್ ಬ್ಯಾಂಡ್ ಅನ್ನುತ್ತಾರೆ. ಇನ್ನು ಕೆಲವು ನೂರು ಮೀಟರ್ ಇಳಿಯುವಷ್ಟರಲ್ಲಿ ಎಸಳು ಪೂರ್ತಿ ಕುಸಿದು ಪುಟ್ಟ ಹನಿಯಾಗುತ್ತದೆ. ವೇಗ ಒಮ್ಮೆಲೇ ಆರೇಳು ಮೀಟರಿಗೆ ಜಿಗಿಯುತ್ತದೆ. ವೇಗ ಹೆಚ್ಚಿದ್ದರಿಂದ ಹನಿಗಳ ನಡುವಿನ ಅಂತರವೂ ಹೆಚ್ಚಿ, ಪ್ರತಿಧ್ವನಿ ಮತ್ತೆ ತಗ್ಗುತ್ತದೆ. ಹೊಳೆಯುವ ಪಟ್ಟಿ, ಅದರ ಬುಡದಲ್ಲೇ ವೇಗದ ಜಿಗಿತ. ಇವೆರಡೂ ಜೊತೆಗೆ ಕಂಡರೆ ಹಿಮ ಮಳೆಯಾದ ಎತ್ತರ ಅದೇ.

ಎಲ್ಲ ಮಳೆಯಲ್ಲೂ ಈ ಪಟ್ಟಿ ಇರುವುದಿಲ್ಲ. ಮುಂಗಾರಿನಲ್ಲಿ ಪಶ್ಚಿಮ ಘಟ್ಟಕ್ಕೆ ಬಡಿಯುವ ಎಷ್ಟೋ ಮೋಡಗಳು ಸೊನ್ನೆ ಡಿಗ್ರಿಯ ಎತ್ತರಕ್ಕೆ ಏರುವುದೇ ಇಲ್ಲ. ಅಲ್ಲಿ ಹನಿಗೆ ಹನಿ ಸೇರಿಯೇ ಮಳೆ. ಗುಡುಗು ಮೋಡದ ನಡುವೆ ಗಾಳಿ ಜೋರಾಗಿ ಏರಿಳಿಯುವಾಗಲೂ ಪಟ್ಟಿ ಕಲಸಿಹೋಗುತ್ತದೆ.

ಇನ್ನೊಂದು ತೊಡಕು ಇದೆ. ಹನಿಯ ಅಡ್ಡಳತೆ ಎರಡು ಪಟ್ಟಾದರೆ ಪ್ರತಿಧ್ವನಿ 64 ಪಟ್ಟು. ಅಲೆ ಗಿಡ್ಡವಾದಷ್ಟೂ ಹನಿಯ ದನಿ ಇನ್ನೂ ಜೋರು. 22 ಸೆಂಟಿಮೀಟರ್ ಅಲೆಯ ಚಿಕ್ಕ ಪ್ರೊಫೈಲರಿಗೆ ಅದೇ ಹನಿ ಗಾದಂಕಿಯ ದೊಡ್ಡ ರೇಡಾರಿಗಿಂತ ನಾಲ್ಕು ಲಕ್ಷ ಪಟ್ಟಿಗೂ ಹೆಚ್ಚು ಎದ್ದು ಕಾಣುತ್ತದೆ. ಹಾಗಾಗಿ ಜೋರು ಮಳೆಯಲ್ಲಿ ಚಿಕ್ಕದಕ್ಕೆ ಗಾಳಿಯೇ ಕಾಣದು. ದೊಡ್ಡದಕ್ಕೆ ಎರಡೂ ಕಾಣುತ್ತವೆ: ಪರದೆಯ ವೇಗದ ಗೆರೆಯಲ್ಲಿ ಸೆಕೆಂಡಿಗೆ ಸೊನ್ನೆ ಮೀಟರಿನ ಆಸುಪಾಸಿನಲ್ಲಿ ಗಾಳಿಯ ಶಿಖರ, ಏಳು ಮೀಟರಿನ ಹತ್ತಿರ ಮಳೆಯ ಶಿಖರ. ಒಂದರಿಂದ ಇನ್ನೊಂದನ್ನು ಕಳೆದರೆ ಹನಿಯ ನಿಜವಾದ ವೇಗ, ವೇಗದಿಂದ ಹನಿಯ ಗಾತ್ರ. ಒಂದು ಮಿಲಿಮೀಟರ್ ಹನಿ ಸೆಕೆಂಡಿಗೆ ಸುಮಾರು 4 ಮೀಟರ್ ಬೀಳುತ್ತದೆ, ಎರಡು ಮಿಲಿಮೀಟರಿನದು ಆರೂವರೆ. ನನಗಂತೂ ಇಡೀ ವಿಷಯದಲ್ಲಿ ಜಾಸ್ತಿ ಹಿಡಿಸಿದ್ದು ಈ ಕಳೆಯುವ ಲೆಕ್ಕ.

ಇದೆಲ್ಲ ತಿಳಿದು ಏನು ಉಪಯೋಗ ಅಂತ ಕೇಳಿದರೆ ಕ್ಯಾಲಿಫೋರ್ನಿಯಾ ಕಡೆ ನೋಡಬೇಕು. ನಮ್ಮವರೂ ಬಹಳ ಜನ ಇದ್ದಾರಲ್ಲ ಅಲ್ಲಿ. ಆ ರಾಜ್ಯದ ಸಿಯೆರಾ ನೆವಾಡ ಬೆಟ್ಟಗಳಲ್ಲಿ ಚಳಿಗಾಲಕ್ಕೆ ಹಿಮ ಬಿದ್ದರೆ ಅದು ಬೇಸಿಗೆಯವರೆಗೆ ಅಲ್ಲೇ ಕೂತು ನಿಧಾನಕ್ಕೆ ನೀರಾಗುತ್ತದೆ. ಮಳೆ ಬಿದ್ದರೆ ಅಂದೇ ಹೊಳೆಗೆ ಬಂತು. ಹಿಮದ ಗೆರೆ ಬೆಟ್ಟದಲ್ಲಿ ನಾಲ್ಕೈದು ನೂರು ಮೀಟರ್ ಮೇಲೆ ಸರಿದರೂ ಅಣೆಕಟ್ಟಿನವರ ಲೆಕ್ಕ ತಲೆಕೆಳಗು. 2017ರ ಫೆಬ್ರವರಿಯಲ್ಲಿ ಬೆಚ್ಚನೆಯ ಮಳೆ ಮಾರುತ ಬಂದು, ಹಿಮ ಬೀಳಬೇಕಾದ ಎತ್ತರದಲ್ಲೂ ಮಳೆ ಸುರಿಯಿತು. ಓರೊವಿಲ್ ಅಣೆಕಟ್ಟಿನ ಕೋಡಿ ಕಿತ್ತುಹೋಗಿ, ಸುಮಾರು 1 ಲಕ್ಷ 88 ಸಾವಿರ ಜನ ಮನೆ ಬಿಟ್ಟು ಹೊರಡಬೇಕಾಯಿತು. ಕೋಡಿ ಕಿತ್ತದ್ದಕ್ಕೆ ಕಟ್ಟಡದ ದೋಷ ಕಾರಣ, ಅದು ಬೇರೆ ಮಾತು. ನೀರು ಅಷ್ಟು ಬೇಗ ನುಗ್ಗಿದ್ದರಲ್ಲಿ ಮೇಲಿನ ಮಳೆಯ ಪಾಲಿತ್ತು.

ಹೊಳೆಯುವ ಪಟ್ಟಿಯನ್ನು ತಾನಾಗಿ ಗುರುತಿಸುವ ವಿಧಾನವನ್ನು ಅಮೆರಿಕದ ವಿಜ್ಞಾನಿಗಳು ಮೊದಲು ವಿಂಡ್ ಪ್ರೊಫೈಲರುಗಳಲ್ಲೇ ರೂಪಿಸಿದರು. ಆಮೇಲೆ ಈ ಕೆಲಸಕ್ಕೆಂದೇ ಕಡಿಮೆ ಖರ್ಚಿನ, ನೆಟ್ಟಗೆ ಮೇಲೆ ನೋಡುವ ರೇಡಾರ್ ಮಾಡಿದರು. ಅದಕ್ಕೆ ಕಾಣುವುದು ತಲೆಯ ಮೇಲಿನ ಆಕಾಶ ಅಷ್ಟೇ, ಪಕ್ಕದ ಕಣಿವೆಯಲ್ಲಿ ಏನಾಗುತ್ತಿದೆ ಅಂತ ಅದು ಹೇಳಲಾರದು. ಅದಕ್ಕೇ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ನದಿ ಕೊಳ್ಳಗಳ ಹತ್ತಿರ ಇಂಥ 10 ರೇಡಾರುಗಳನ್ನು ಇಟ್ಟಿದ್ದಾರೆ. ಅವುಗಳಲ್ಲಿ ಒಂದು ಓರೊವಿಲ್‌ನಲ್ಲೇ ಇದೆ.

ನಮಸ್ಕಾರ.