ನಿಂತು ಓದುವವರ ಮೂಲೆ

ಬೆಳಗ್ಗೆ ಶಟರ್ ಎತ್ತಿ ಲೈಟ್ ಹಾಕಿದ ಮೇಲೆ ನಾನು ಮೊದಲು ಬರೋದು ಈ ಮೂಲೆಗೆ. ಕಾದಂಬರಿ ಕಪಾಟಿನ ಕೊನೇ ಸಾಲು, ಕಿಟಕಿ ಪಕ್ಕ. ನೆಲ ನೋಡಿ, ಇಲ್ಲಿ ಮಾತ್ರ ಸವೆದಿದೆ. ಜನ ಇಲ್ಲಿ ನಿಂತು ಓದ್ತಾರೆ. ಒಂದು ಕಾಲಿನ ಮೇಲೆ ಭಾರ ಹಾಕಿ, ಕಪಾಟಿಗೆ ಭುಜ ಆನಿಸಿ, ಅರ್ಧ ಗಂಟೆ, ಮುಕ್ಕಾಲು ಗಂಟೆ. ಆಮೇಲೆ ಪುಸ್ತಕ ವಾಪಸ್ ಇಟ್ಟು ಹೊರಟು ಹೋಗ್ತಾರೆ. ಕೊಳ್ಳೋದಿಲ್ಲ.

ಇವತ್ತಿನ ವಿಡಿಯೋ ಅವರ ಬಗ್ಗೆ. ಆದರೆ ಅವರಲ್ಲಿ ಒಬ್ಬರನ್ನೂ ನಾನು ತೋರಿಸಲ್ಲ. ಓದ್ತಾ ಇರೋರ ಮುಖದ ಮೇಲೆ ಕ್ಯಾಮೆರಾ ಹಿಡಿಯೋದು ನನಗೆ ಸರಿ ಅನ್ಸಲ್ಲ. ಖಾಲಿ ಅಂಗಡಿ ತೋರಿಸ್ತಾ ಮಾತಾಡ್ತೀನಿ.

ಪುಸ್ತಕದಂಗಡಿ ಕೆಲಸಕ್ಕೆ ಬಂದು 6 ವರ್ಷ ಆಯ್ತು. ಮೊದಲು ಇದ್ದ ಅಂಗಡಿಯಲ್ಲಿ ಸೇರಿದ ವಾರವೇ ಒಂದು ಪಾಠ ಹೇಳಿಕೊಟ್ಟರು. ಯಾರಾದರೂ 10 ನಿಮಿಷಕ್ಕಿಂತ ಜಾಸ್ತಿ ಒಂದೇ ಪುಸ್ತಕ ಹಿಡಿದು ನಿಂತಿದ್ರೆ ಹತ್ರ ಹೋಗಿ "ಏನು ಬೇಕಿತ್ತು ಸರ್?" ಅಂತ ಕೇಳಬೇಕು. ಕೇಳೋಕೆ ಎಷ್ಟು ಮರ್ಯಾದೆ ಮಾತು! ಆದರೆ ಓದ್ತಾ ಇದ್ದೋರಿಗೆ ಅದರ ಅರ್ಥ ತಕ್ಷಣ ಗೊತ್ತಾಗುತ್ತೆ. ಬೆಚ್ಚಿ ತಲೆ ಎತ್ತಿ, "ಏನಿಲ್ಲ, ಸುಮ್ನೆ ನೋಡ್ತಿದ್ದೆ" ಅಂತ ಪುಸ್ತಕ ಮುಚ್ಚಿ, ಸಿಕ್ಕ ಜಾಗಕ್ಕೆ ತುರುಕಿ ಹೋಗ್ತಾರೆ. ಆ ಮಾತನ್ನ ನಾನು ಎಷ್ಟು ಜನಕ್ಕೆ ಹೇಳಿದೀನೋ ಲೆಕ್ಕ ಇಲ್ಲ. ಹಾಗೆ ಕಳಿಸಿದವರಲ್ಲಿ ಒಬ್ಬರು ತಿರುಗಿ ಬಂದು ಪುಸ್ತಕ ಕೊಂಡಿದ್ದು ನನಗೆ ನೆನಪಿಲ್ಲ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತೆ.

ಜಪಾನಿನಲ್ಲಿ ಈ ಅಭ್ಯಾಸಕ್ಕೆ ಒಂದು ಹೆಸರೇ ಇದೆ. ತಾಚಿಯೋಮಿ. ತಾಚಿ ಅಂದ್ರೆ ನಿಲ್ಲೋದು, ಯೋಮಿ ಅಂದ್ರೆ ಓದೋದು. ಅಲ್ಲಿನ ಕನ್ವೀನಿಯನ್ಸ್ ಸ್ಟೋರ್‌ಗಳ, ಅಂದ್ರೆ ಹಗಲು ರಾತ್ರಿ ತೆರೆದಿರೋ ಪುಟ್ಟ ಅಂಗಡಿಗಳ, ಫೋಟೋ ನೋಡಿದ್ರೆ ಗಮನಿಸಿ, ಪತ್ರಿಕೆಗಳ ಸ್ಟ್ಯಾಂಡ್ ಎಷ್ಟೋ ಕಡೆ ರಸ್ತೆ ಕಡೆಯ ಗಾಜಿಗೆ ಅಂಟಿಕೊಂಡೇ ಇರುತ್ತೆ. ಓದೋರು ಹೊರಗಿನವರಿಗೆ ಕಾಣಿಸಲಿ ಅಂತ. ಒಳಗೆ ಜನ ಇದ್ದಾರೆ ಅಂತ ಕಂಡ್ರೆ ದಾರಿಹೋಕರಿಗೂ ಒಳಗೆ ಬರೋಣ ಅನ್ಸುತ್ತೆ, ನಡುರಾತ್ರಿ ಕಳ್ಳರಿಗೆ ಅಂಜಿಕೆ ಇರುತ್ತೆ. ಒಂದು ಕಾಸೂ ಕೊಡದೆ ನಿಂತು ಓದೋ ಮನುಷ್ಯ ಅಂಗಡಿಗೆ ಕಾವಲು ನಿಂತ ಹಾಗೆ.

ಅದೇ ದೇಶದ ಪುಸ್ತಕದಂಗಡಿಗಳಲ್ಲಿ ಮಾಂಗಾ ಅನ್ನೋ ಚಿತ್ರಕಥೆ ಪುಸ್ತಕಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿರ್ತಾರೆ, ಅದೂ ನಿಜ. ಚಿತ್ರಕಥೆ ಬೇಗ ಓದಿ ಮುಗಿಯುತ್ತೆ. ನಿಂತಲ್ಲೇ ಮುಗಿದು ಹೋದ್ರೆ ಕೊಳ್ಳೋದಕ್ಕೆ ಏನು ಉಳಿಯುತ್ತೆ? ಅವರ ಭಯ ನನಗೆ ಅರ್ಥ ಆಗುತ್ತೆ. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಅಲ್ಲಿ ಇ-ಬುಕ್ ಮಾರೋ ಕೆಲವು ತಾಣಗಳಲ್ಲಿ ಮೊದಲ ಕೆಲವು ಪುಟ ಉಚಿತವಾಗಿ ಓದೋ ಬಟನ್‌ಗೂ ತಾಚಿಯೋಮಿ ಅಂತಾನೇ ಹೆಸರು. ಕುರ್ಚಿ ಮೇಲೆ ಕೂತು, ಮಂಚದ ಮೇಲೆ ಮಲಗಿ ಓದಿದ್ರೂ ಅದು 'ನಿಂತು ಓದೋದು'. ಅಂಗಡಿಯಲ್ಲಿ ಯಾವುದನ್ನ ತಡೀತಾರೋ ಅದನ್ನೇ ಪರದೆ ಮೇಲೆ ಬನ್ನಿ ಓದಿ ಅಂತ ಕರೆದು ಕೊಡ್ತಾರೆ. ಯಾಕಂದ್ರೆ ನಾಲ್ಕು ಪುಟ ಓದಿದವರಿಗೆ ಐದನೇ ಪುಟ ಬೇಕಾಗುತ್ತೆ ಅಂತ ಮಾರೋರಿಗೆ ಗೊತ್ತು.

ಸರಿ, ಗಲ್ಲಾ ಪೆಟ್ಟಿಗೆ ಕಡೆಯಿಂದಲೂ ಹೇಳಬೇಕು. ಇದು ನೋಡಿ. ಈ ಪುಸ್ತಕ ಯಾರೂ ಕೊಂಡಿಲ್ಲ, ಆದರೆ ಬೆನ್ನು ಮುರಿದಿದೆ. ಬೆರಳಿಗೆ ಎಂಜಲು ಹಚ್ಚಿ ತಿರುಗಿಸಿದ ಪುಟಗಳ ತುದಿ ಕಪ್ಪಾಗಿದೆ. ಇಲ್ಲಿ ಮೂಲೆ ಮಡಚಿ ಗುರುತು ಮಾಡಿದಾರೆ. ಮಾರಾಟ ಆಗದ ಪುಸ್ತಕ ಚೆನ್ನಾಗಿದ್ರೆ ಎಷ್ಟೋ ಸಲ ಪ್ರಕಾಶಕರಿಗೆ ವಾಪಸ್ ಕಳಿಸಬಹುದು. ಹೀಗಾದದ್ದನ್ನ ಯಾರು ತಗೋತಾರೆ? ನಷ್ಟ ಅಂಗಡಿಯದು. ಹೊಸ ಪುಸ್ತಕಕ್ಕೆ ದುಡ್ಡು ಕೊಡೋರು ಹೊಸದನ್ನೇ ಕೇಳ್ತಾರೆ, ಅದು ಅವರ ಹಕ್ಕು. ಹಾಗಾಗಿ ನಿಂತು ಓದೋರಿಗೆ ನನ್ನದೊಂದೇ ಕೋರಿಕೆ. ಪುಸ್ತಕವನ್ನ ಅಂಗೈ ಮೇಲೆ ಅರ್ಧ ಮಾತ್ರ ತೆರೆದು ಹಿಡಿಯಿರಿ, ಚಪ್ಪಟೆಯಾಗಿ ಮಡಚಬೇಡಿ. ನಿಮ್ಮ ನಂತರ ಅದನ್ನ ಕೊಳ್ಳೋರಿಗೆ ನೀವು ಓದಿದ್ದು ಗೊತ್ತೇ ಆಗಬಾರದು.

ಫೋಟೋ ತೆಗೆಯೋದು ಬೇರೆ ಮಾತು. ಓದಿದ್ದು ನಿಮ್ಮ ತಲೆಯಲ್ಲಿ ಉಳಿದ್ರೆ ಯಾವ ಲೇಖಕರಿಗೂ ಬೇಸರ ಆಗಲ್ಲ. ಆದರೆ ಪರೀಕ್ಷೆ ಗೈಡ್ ಒಂದರ ಇಡೀ ಅಧ್ಯಾಯವನ್ನ ಫೋನಿನಲ್ಲಿ ಪುಟ ಪುಟವಾಗಿ ಸೆರೆಹಿಡಿದ್ರೆ ಅದು ಓದಲ್ಲ, ನಕಲು. ಕ್ಯಾಮೆರಾ ಫೋನ್ ಹೊಸದಾಗಿದ್ದ ಕಾಲದಲ್ಲಿ, 2003ರಲ್ಲೇ, ಜಪಾನಿನ ಪತ್ರಿಕಾ ಪ್ರಕಾಶಕರು ಇದರ ವಿರುದ್ಧ ಅಂಗಡಿಗಳಲ್ಲಿ ಪೋಸ್ಟರ್ ಹಾಕಿಸಿದ್ದರು. ಇಲ್ಲೂ ಯಾರಾದರೂ ಹಾಗೆ ಮಾಡಿದ್ರೆ ನಾನು ಹತ್ರ ಹೋಗಿ, ಮೆತ್ತಗೆ, ಬೇಡ ಅಂತೀನಿ.

ಮೆತ್ತಗೆ ಹೇಳೋದು ಹೇಗೆ ಅಂತ ನಾನು ಕಲಿತಿದ್ದು ಸೋಲ್‌ನ ಒಂದು ಅಂಗಡಿಯ ಕಥೆಯಿಂದ. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ, ಗ್ವಾಂಗ್‌ಹ್ವಾಮುನ್ ಅನ್ನೋ ಹಳೇ ಅರಮನೆ ಹೆಬ್ಬಾಗಿಲ ಹತ್ರ, 1981ರಲ್ಲಿ ಕ್ಯೋಬೋ ಅನ್ನೋ ದೊಡ್ಡ ಪುಸ್ತಕದಂಗಡಿ ಶುರುವಾಯ್ತು. ಶುರು ಮಾಡಿದವರು ಶಿನ್ ಯೋಂಗ್-ಹೋ, ವಿಮಾ ಕಂಪನಿ ಕಟ್ಟಿದ ಮನುಷ್ಯ. ಚಿಕ್ಕಂದಿನಲ್ಲಿ ಕಾಯಿಲೆಯಿಂದ ಶಾಲೆಗೆ ಹೋಗೋಕೇ ಆಗಲಿಲ್ಲ ಅವರಿಗೆ. ಕಲಿತಿದ್ದೆಲ್ಲ ಪುಸ್ತಕ ಓದಿ, ತಾವೇ. ಅಂಥವರು ತಮ್ಮ ಅಂಗಡಿ ಸಿಬ್ಬಂದಿಗೆ 5 ನಿಯಮ ಕೊಟ್ಟರು. ಎಲ್ಲರ ಹತ್ರ ಪ್ರೀತಿಯಿಂದ ಇರಿ, ಪುಟ್ಟ ಶಾಲಾ ಮಕ್ಕಳಿಗೂ ಬಹುವಚನದಲ್ಲೇ ಮಾತಾಡಿಸಿ. ಒಂದೇ ಕಡೆ ಎಷ್ಟು ಹೊತ್ತು ನಿಂತು ಓದಿದ್ರೂ ತಡೀಬೇಡಿ. ಅದು ಇದು ತೆಗೆದು ನೋಡಿ ಏನೂ ಕೊಳ್ಳದೆ ಹೋದ್ರೂ ದುರುಗುಟ್ಟಿ ನೋಡಬೇಡಿ. ಕೂತು ನೋಟ್‌ಬುಕ್‌ಗೆ ಬರ್ಕೊಂಡ್ರೂ ಬಿಡಿ.

ಐದನೇದು ಕೇಳಿ. ಯಾರಾದರೂ ಪುಸ್ತಕ ಕದ್ದರೂ ನಾಲ್ಕು ಜನರ ಮುಂದೆ ಅವಮಾನ ಮಾಡಬೇಡಿ. ಯಾರಿಗೂ ಕಾಣದ ಕಡೆ ಕರ್ಕೊಂಡು ಹೋಗಿ ಒಳ್ಳೆ ಮಾತಲ್ಲಿ ತಿಳಿಹೇಳಿ.

ನಾನು ಇದನ್ನ ಓದಿದಾಗ ಗಲ್ಲಾ ಹಿಂದೆ ಕೂತಿದ್ದೆ. ಕಣ್ಣು ಒದ್ದೆ ಆಯ್ತು. ಶಾಲೆ ಮೆಟ್ಟಿಲು ಹತ್ತದ ಹುಡುಗ ಮುಂದೆ ಅಂಗಡಿ ತೆರೆದಾಗ, ದುಡ್ಡಿಲ್ಲದೆ ನಿಂತಿರೋ ಇನ್ನೊಬ್ಬ ಹುಡುಗನ ಬಗ್ಗೆ ಮೊದಲು ಯೋಚಿಸಿದ. ಆ ಅಂಗಡಿ ಮುಳುಗಿ ಹೋಗಲಿಲ್ಲ. ಇವತ್ತಿಗೂ ಕೊರಿಯಾದ ದೊಡ್ಡ ಪುಸ್ತಕದಂಗಡಿಗಳಲ್ಲಿ ಅದೂ ಒಂದು.

ಈಗಿರೋ ಅಂಗಡಿಗೆ ಬಂದ ಮೇಲೆ ಆ 10 ನಿಮಿಷದ ಪಾಠವನ್ನ ನಾನು ಬಿಟ್ಟೆ. ಯಜಮಾನರೂ ಬೇಡ ಅನ್ನಲಿಲ್ಲ. "ಓದೋರ ಮಧ್ಯೆ ಕೊಳ್ಳೋರು ಬರ್ತಾರಪ್ಪ, ಖಾಲಿ ಅಂಗಡಿಗೆ ಯಾರೂ ಬರಲ್ಲ" ಅಂದರು.

ಇನ್ನು ಒಬ್ಬರ ಬಗ್ಗೆ ಹೇಳ್ಬೇಕು. ಹೋದ ತಿಂಗಳು ಒಂದು ದಪ್ಪ ಕಾದಂಬರಿ ದಿನಾ ಬೆಳಗ್ಗೆ ಜಾಗ ತಪ್ಪಿರ್ತಿತ್ತು. ಒಂದು ದಿನ ನಿಘಂಟುಗಳ ಹಿಂದೆ, ಇನ್ನೊಂದು ದಿನ ತೋಟಗಾರಿಕೆ ಪುಸ್ತಕಗಳ ಕೆಳಗೆ. ನಾನು ತಂದು ಸರಿಯಾದ ಜಾಗದಲ್ಲಿಡ್ತಿದ್ದೆ. ಮಾರನೇ ದಿನ ಮತ್ತೆ ಬೇರೆಲ್ಲೋ. ಆಮೇಲೆ ಗೊತ್ತಾಯ್ತು, ಸಂಜೆ 6 ಗಂಟೆಗೆ ಕೆಲಸ ಮುಗಿಸಿ ಬರೋ ಒಬ್ಬರು ಅದನ್ನ ಓದ್ತಿದ್ದಾರೆ. ಇದ್ದಿದ್ದು ಒಂದೇ ಪ್ರತಿ. ಮುಗಿಯೋ ತನಕ ಬೇರೆ ಯಾರ ಕೈಗೂ ಸಿಗದಿರಲಿ ಅಂತ ಬಚ್ಚಿಡ್ತಿದ್ದರು. ಒಳಗೆ ಗುರುತಿಗೆ ಒಂದು ಬಸ್ ಟಿಕೆಟ್. ಒಂದೇ ಒಂದು ಪುಟದ ಮೂಲೆ ಮಡಚಿರಲಿಲ್ಲ. ನಾನು ಏನೂ ಕೇಳಲಿಲ್ಲ. ಅವತ್ತಿಂದ ಅವರು ಇಟ್ಟ ಕಡೆಯೇ ಬಿಡ್ತಾ ಬಂದೆ.

ಮೊನ್ನೆ ಶನಿವಾರ ಅಂಗಡಿ ತುಂಬಾ ಜನ. ಯಾರೋ ನಿಘಂಟು ಹುಡುಕ್ತಾ ಆ ಕಾದಂಬರಿ ಹೊರಗೆ ತೆಗೆದಿದ್ದಾರೆ, ಗಲ್ಲಾ ಮೇಲೆ ತಂದಿಟ್ಟಿದ್ದಾರೆ. ಬಿಲ್ ಮಾಡಿದವನು ನಾನೇ. ಆತುರದಲ್ಲಿ ಹೆಸರೂ ನೋಡಲಿಲ್ಲ. ಸಂಜೆ ಅವರು ಬಂದು ಒಂದೊಂದೇ ಕಪಾಟು ನೋಡ್ತಾ ಹೋದಾಗಲೇ ನನಗೆ ಹೊಳೆದಿದ್ದು.

ಕೊನೆಗೆ ನನ್ನ ಹತ್ರ ಬಂದರು. ಇಷ್ಟು ದಿನದಲ್ಲಿ ಮೊದಲ ಮಾತು.

"ಅದು ಹೋಯ್ತಾ?"

"ಹೂಂ ಮೇಡಂ. ಮಧ್ಯಾಹ್ನ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ತಗೊಂಡೋರಿಗೆ ಇಷ್ಟ ಆಗುತ್ತೆ ಬಿಡಿ. ತುಂಬಾ ಚೆನ್ನಾಗಿದೆ" ಅಂದರು. ಅಷ್ಟೇ. ಅವತ್ತು ಬೇರೆ ಪುಸ್ತಕ ಮುಟ್ಟಲಿಲ್ಲ.

ನಿನ್ನೆ ಹೊಸ ಸ್ಟಾಕ್ ಬಂತು. 2 ಪ್ರತಿ ತರಿಸಿದೀನಿ. ಒಂದು ಇಲ್ಲಿ, ಎದುರಿನ ಮೇಜಿನ ಮೇಲೆ, ಎಲ್ಲರಿಗೂ ಕಾಣೋ ಹಾಗೆ. ಇನ್ನೊಂದು ಇಲ್ಲಿ ನೋಡಿ, ನಿಘಂಟುಗಳ ಹಿಂದೆ. ಬಸ್ ಟಿಕೆಟ್ ಇದ್ದ ಪುಟ ನನಗೆ ನೆನಪಿತ್ತು, 212. ಅಲ್ಲಿ ಒಂದು ಬಿಳಿ ಚೀಟಿ ಇಟ್ಟಿದ್ದೀನಿ. ಏನೂ ಬರೆದಿಲ್ಲ ಅದರ ಮೇಲೆ.

ಗಂಟೆ 6 ಆಗ್ತಾ ಬಂತು. ಕ್ಯಾಮೆರಾ ಆಫ್ ಮಾಡ್ತೀನಿ.