ಸೈಟಿನಿಂದ ಕ್ರಿಕೆಟ್ ಮೈದಾನದವರೆಗೆ: ‘ಸ್ಕ್ವೇರ್’ ಪದದ ಲೆಕ್ಕಾಚಾರ

[ಪರದೆ: ಖಾಲಿ ಸೈಟು. ನಾಲ್ಕು ಮೂಲೆಗೆ ಗೂಟ, ಸುತ್ತ ಬಿಳಿ ದಾರ.]

ನಿರೂಪಣೆ: ನಮಸ್ಕಾರ. ಥರ್ಟಿ ಫಾರ್ಟಿ ಸೈಟು. ನಾಲ್ಕೂ ಕಡೆ ಟೇಪು ಹಿಡಿದು ಅಳೆದಾಯ್ತು: 30, 40, 30, 40. ಒಂದಿಂಚೂ ಹೆಚ್ಚುಕಮ್ಮಿ ಇಲ್ಲ. ಆದರೂ ಮೇಸ್ತ್ರಿ, “ಸ್ಕ್ವೇರ್ ಬಂದಿಲ್ಲ ಸಾರ್, ಈಗಲೇ ಪಾಯ ತೆಗೆಯೋದು ಬೇಡ” ಅಂತಾರೆ. ಶಾಲೆಯಲ್ಲಿ ಕಲಿತ ಪ್ರಕಾರ ಸ್ಕ್ವೇರ್ ಅಂದರೆ ನಾಲ್ಕೂ ಬದಿ ಸಮ ಇರಬೇಕು. ಇದು ಆಯತ. ಆಯತ ‘ಸ್ಕ್ವೇರ್ ಬರೋದು’ ಹೇಗೆ?

ಮೇಸ್ತ್ರಿ ಹೇಳುತ್ತಿರುವುದು ಮೂಲೆಯ ವಿಷಯ. ಮೂಲೆ ಸರಿಯಾಗಿ 90 ಡಿಗ್ರಿ ಇಲ್ಲ ಅಂತ. ಇಂಗ್ಲಿಷಿನಲ್ಲೂ ಈ ಪದ ಮೊದಲು ಹುಟ್ಟಿದ್ದು ಮೂಲೆ 90 ಡಿಗ್ರಿ ಇದೆಯಾ ಅಂತ ನೋಡುವ ಬಡಗಿಯ L ಆಕಾರದ ಮೂಲೆಮಟ್ಟಕ್ಕೆ, 13ನೇ ಶತಮಾನದಲ್ಲಿ. ಆಕಾರಕ್ಕೆ ಆ ಹೆಸರು ಅಂಟಿಕೊಂಡಿದ್ದು ಆಮೇಲೆ. ಹಾಗಾಗಿ ಮೇಸ್ತ್ರಿಯ ಅರ್ಥವೇ ಹಳೆಯದು. ಈ ಲಂಬಕೋನವನ್ನು ತಲೆಯಲ್ಲಿಟ್ಟುಕೊಂಡು ಮುಂದೆ ನೋಡಿ.

[ಪರದೆ: ಮೇಲಿನಿಂದ ಸೈಟಿನ ನಕ್ಷೆ. ಮೂಲೆಗಳಿಗೆ ಎ, ಬಿ, ಸಿ, ಡಿ.]

ನಿರೂಪಣೆ: 30×40 ಸೈಟಿಗೆ ಒಂದು ಅನುಕೂಲ ಇದೆ. ಬದಿಗಳು 3-4-5 ಇರುವ ತ್ರಿಕೋನದ ಒಂದು ಮೂಲೆ ಸರಿಯಾಗಿ 90 ಡಿಗ್ರಿ. ಅದನ್ನು ಹತ್ತರಿಂದ ಗುಣಿಸಿದರೆ 30-40-50. ಅಂದರೆ ಮೂಲೆಯಿಂದ ಮೂಲೆಗೆ ಕರ್ಣ ಸರಿಯಾಗಿ 50 ಅಡಿ ಬರಬೇಕು. ಕ್ಯಾಲ್ಕುಲೇಟರ್ ಬೇಡ.

ರಸ್ತೆ ಕಡೆಯ 30 ಅಡಿ ಗೆರೆಯನ್ನು ಮೊದಲು ಖಾಯಂ ಮಾಡಿ. ಅದರ ಎರಡು ತುದಿ ಎ ಮತ್ತು ಬಿ. ಗೂಟದ ತಲೆ ಮೇಲೆ ಮೊಳೆ ಹೊಡೆದು, ಮೊಳೆಯಿಂದಲೇ ಅಳೆಯಿರಿ. ಗೂಟವೇ ಎರಡಿಂಚು ದಪ್ಪ ಇರುತ್ತದೆ, ಅದರ ಅಂಚು ಹಿಡಿದರೆ ಅಲ್ಲೇ ಲೆಕ್ಕ ತಪ್ಪಿತು. ಈಗ ಎ ಇಂದ ಒಂದು ಟೇಪು 40 ಅಡಿಗೆ, ಬಿ ಇಂದ ಇನ್ನೊಂದು ಟೇಪು 50 ಅಡಿಗೆ. ಎರಡನ್ನೂ ಬಿಗಿಯಾಗಿ ಎಳೆದು, 40 ಮತ್ತು 50 ಒಂದೇ ಜಾಗದಲ್ಲಿ ಸೇರುವಲ್ಲಿ ಗೂಟ ಹೊಡೆಯಿರಿ. ಅದು ಡಿ. ಅದಲು ಬದಲು ಮಾಡಿದರೆ ಸಿ ಸಿಗುತ್ತದೆ. ಕೊನೆಗೆ ಸಿ-ಡಿ ಅಳೆಯಿರಿ, 30 ಬರಲೇಬೇಕು.

ಕೆಲವರು ಎರಡು ಕರ್ಣ ಸಮ ಬಂದರೆ ಮುಗೀತು ಅಂದುಕೊಳ್ಳುತ್ತಾರೆ. ಮುಗಿಯಲಿಲ್ಲ. ಮುಂದೆ 30, ಹಿಂದೆ 28 ಇದ್ದು ಎರಡೂ ಪಕ್ಕ ಒಂದೇ ಥರ ಒಳಕ್ಕೆ ವಾಲಿದ್ದರೂ ಕರ್ಣ ಸಮನಾಗಿಯೇ ಬರುತ್ತದೆ. ಎದುರು ಬದುರು ಬದಿ ಸಮ, ಕರ್ಣವೂ ಸಮ. ಎರಡೂ ಬೇಕು.

[ಪರದೆ: ಬೇರೆ ಸೈಟುಗಳ ಕರ್ಣ: 20×30 = 36 ಅಡಿ ಮುಕ್ಕಾಲು ಇಂಚಿಗೆ ಸ್ವಲ್ಪ ಕಡಿಮೆ. 40×60 = 72 ಅಡಿ ಒಂದೂಕಾಲು ಇಂಚಿಗೆ ಸ್ವಲ್ಪ ಹೆಚ್ಚು.]

ನಿರೂಪಣೆ: ಒಂದು ಡಿಗ್ರಿ ತಪ್ಪಿದರೆ ಏನಾಗುತ್ತೆ? ಎರಡು ಅಡಿಯ ಮೂಲೆಮಟ್ಟದಲ್ಲಿ ಒಂದು ಡಿಗ್ರಿ ಅಂದರೆ ಅರ್ಧ ಇಂಚೂ ಇಲ್ಲ, ಕಣ್ಣಿಗೆ ಬೀಳೋದೇ ಕಷ್ಟ. ಅದೇ ತಪ್ಪು 40 ಅಡಿ ಹೋಗುವಷ್ಟರಲ್ಲಿ ಸುಮಾರು 8 ಇಂಚು. ಎರಡು ಕರ್ಣಗಳ ನಡುವೆ 10 ಇಂಚು ವ್ಯತ್ಯಾಸ. ಅದಕ್ಕೇ ಪಾಯದ ಮಾರ್ಕಿಂಗ್‌ಗೆ ಸಣ್ಣ ಮೂಲೆಮಟ್ಟ ನಂಬಬಾರದು, ತ್ರಿಕೋನ ಎಷ್ಟು ದೊಡ್ಡದಾದರೆ ಅಷ್ಟು ಒಳ್ಳೆಯದು. ಬಟ್ಟೆ ಟೇಪು ಎಳೆದಂತೆ ಹಿಗ್ಗುತ್ತದೆ, ಸ್ಟೀಲ್ ಟೇಪೇ ಇರಲಿ. ನೆಲ ಇಳಿಜಾರಿದ್ದರೆ ನೆಲದ ಮೇಲೆ ಟೇಪು ಮಲಗಿಸಬೇಡಿ, ಮಟ್ಟವಾಗಿ ಹಿಡಿದು ತೂಗುಗುಂಡು ಇಳಿಬಿಡಿ.

ಮೂಲೆಮಟ್ಟ ಸರಿಯಿದೆಯಾ ಅಂತ ನೋಡೋದು ಸುಲಭ. ನೇರ ಅಂಚಿನ ಹಲಗೆಗೆ ಒತ್ತಿ ಹಿಡಿದು ಒಂದು ಗೆರೆ, ಮಗುಚಿ ಹಾಕಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ. ಎರಡೂ ಕೂಡಿಕೊಂಡರೆ ಸರಿ. ಗೆರೆಗಳ ನಡುವೆ ಅಂತರ ಕಂಡರೆ, ಅದರ ಅರ್ಧದಷ್ಟು ತಪ್ಪು ಮೂಲೆಮಟ್ಟದಲ್ಲಿದೆ.

ಸೈಟೇ ಓರೆಯಾಗಿದ್ದರೆ? ಮನೆಯನ್ನು ಸ್ಕ್ವೇರ್ ಇಡಿ, ಓರೆಯನ್ನು ಕಾಂಪೌಂಡಿನ ಪಕ್ಕದ ಖಾಲಿ ಜಾಗಕ್ಕೆ ತಳ್ಳಿ. ಜಾಗ ಉಳಿಸೋಕೆ ಹೋಗಿ ಗೋಡೆಯನ್ನೇ ಓರೆ ಎಬ್ಬಿಸಿದರೆ, ಟೈಲ್ಸ್ ಹಾಕುವ ದಿನ ಗೊತ್ತಾಗುತ್ತೆ. ಗೋಡೆ ಪಕ್ಕದ ಕೊನೇ ಸಾಲು ಒಂದು ತುದಿಯಲ್ಲಿ ಆರಿಂಚು, ಇನ್ನೊಂದು ತುದಿಯಲ್ಲಿ ಎರಡಿಂಚು. ಪ್ರತಿ ಟೈಲನ್ನೂ ಬೇರೆ ಬೇರೆ ಅಳತೆಗೆ ಕತ್ತರಿಸಬೇಕು, ವಾರ್ಡ್‌ರೋಬಿನ ಹಿಂದೆ ಸಂದಿ ಉಳಿಯುತ್ತದೆ.

[ಪರದೆ: ಕರಾರು ಪತ್ರ. ‘ಚದರಕ್ಕೆ’ ಎಂಬ ಪದದ ಸುತ್ತ ಕೆಂಪು ಗೆರೆ.]

ನಿರೂಪಣೆ: ಅದೇ ಕೆಲಸದ ಜಾಗದಲ್ಲಿ ಸ್ಕ್ವೇರ್‌ಗೆ ಇನ್ನೊಂದು ಅರ್ಥ. “ಎಷ್ಟು ಸ್ಕ್ವೇರ್ ಮನೆ?” ಅಂತ ಬೆಂಗಳೂರಿನಲ್ಲಿ ಕೇಳಿದರೆ, ಒಂದು ಸ್ಕ್ವೇರ್ ಅಂದರೆ 100 ಚದರ ಅಡಿ. ನಾವು ‘ಒಂದು ಚದರ’ ಅನ್ನೋದೂ ಅದನ್ನೇ. ಹನ್ನೆರಡು ಚದರದ ಮನೆ ಅಂದರೆ 1,200 ಚದರ ಅಡಿ. ಚದರಕ್ಕೆ ಎರಡು ಲಕ್ಷ ಅಂದರೆ ಚದರ ಅಡಿಗೆ 2,000 ರೂಪಾಯಿ. ಬಾಯಿಮಾತಲ್ಲಿ ‘ಅಡಿ’ ಬಿಟ್ಟುಹೋದರೆ ನೂರು ಪಟ್ಟು ವ್ಯತ್ಯಾಸ, ಹಾಗಾಗಿ ಕರಾರಿನಲ್ಲಿ ಚದರ ಅಡಿ ಅಂತಲೇ ಬರೆಸಿ. ಸಂಪು, ಬಾಲ್ಕನಿ, ಮೆಟ್ಟಿಲ ಮೇಲಿನ ಕೋಣೆ ಲೆಕ್ಕಕ್ಕೆ ಸೇರುತ್ತಾ ಅನ್ನೋದನ್ನೂ ಬರೆಸಿ. ಜಗಳ ಹುಟ್ಟೋದು ದರದಲ್ಲಿ ಅಲ್ಲ, ಇಲ್ಲೇ. ಫ್ಲ್ಯಾಟ್ ಆದರೆ 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯ ಕಾರ್ಪೆಟ್ ಏರಿಯಾ ಕೇಳಿ: ಹೊರಗೋಡೆ, ಬಾಲ್ಕನಿ ಅದರಲ್ಲಿ ಸೇರಲ್ಲ, ಒಳಗಿನ ಅಡ್ಡಗೋಡೆ ಸೇರುತ್ತದೆ.

‘ಹತ್ತು ಚದರ ಅಡಿ’ ಬೇರೆ, ‘ಹತ್ತು ಅಡಿ ಚೌಕ’ ಬೇರೆ. ಎರಡನೆಯದು 10×10, ಅಂದರೆ 100 ಚದರ ಅಡಿ. ನಮ್ಮ ಗುಂಟೆಯೂ ಚೌಕದ ಲೆಕ್ಕವೇ: 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. ಅಂಥ ನಲವತ್ತು ಸೇರಿದರೆ ಎಕರೆ.

[ಪರದೆ: ಎಲೆಕ್ಟ್ರಿಕಲ್ ಅಂಗಡಿ. ಸಿಪ್ಪೆ ಸುಲಿದ ತಾಮ್ರದ ತಂತಿ.]

ನಿರೂಪಣೆ: “ಎರಡೂವರೆ ಸ್ಕ್ವೇರ್ ವೈರ್ ಕೊಡಿ.” ತಂತಿ ದುಂಡಗಿದೆ, ಸ್ಕ್ವೇರ್ ಎಲ್ಲಿಂದ ಬಂತು? ಅಡ್ಡ ಕತ್ತರಿಸಿದಾಗ ಕಾಣುವ ತಾಮ್ರದ ವಿಸ್ತೀರ್ಣ 2.5 ಚದರ ಮಿಲಿಮೀಟರ್ ಅಂತ. ಒಂದೇ ಎಳೆಯ ತಂತಿಯಾಗಿದ್ದರೆ ಅದರ ವ್ಯಾಸ ಸುಮಾರು 1.8 ಮಿಲಿಮೀಟರ್. ಲೈಟು, ಫ್ಯಾನಿಗೆ ಸಾಮಾನ್ಯವಾಗಿ 1 ಅಥವಾ 1.5, ಪವರ್ ಸಾಕೆಟ್ಟಿಗೆ 2.5, ಎಸಿಗೆ 4. ಹೊರಗಿನ ಪ್ಲಾಸ್ಟಿಕ್ ದಪ್ಪ ನೋಡಿ ಮೋಸಹೋಗಬೇಡಿ, ವಿದ್ಯುತ್ ಹರಿಯೋದು ತಾಮ್ರದಲ್ಲಿ. ಗೀಸರಿಗೆ 1 ಸ್ಕ್ವೇರ್ ವೈರ್ ಎಳೆದರೆ ಗೋಡೆಯೊಳಗೆ ಬಿಸಿಯಾಗಿ ಹೊರಪದರ ಕರಗಬಹುದು.

[ಪರದೆ: ಕ್ರಿಕೆಟ್ ಮೈದಾನ, ಮೇಲಿನ ನೋಟ. ಕ್ರೀಸ್ ಗೆರೆ ಎರಡೂ ಕಡೆ ಬೌಂಡರಿವರೆಗೆ ಚಾಚಿಕೊಳ್ಳುತ್ತದೆ.]

ನಿರೂಪಣೆ: ಇಲ್ಲಿ ಮತ್ತೆ 90 ಡಿಗ್ರಿ. ಬ್ಯಾಟರ್ ನಿಂತ ಕ್ರೀಸನ್ನು ಲೆಗ್ ಕಡೆಗೆ ನೇರವಾಗಿ ಎಳೆದರೆ ಸಿಗುವ ಜಾಗ ಸ್ಕ್ವೇರ್ ಲೆಗ್, ಪಿಚ್‌ಗೆ ಲಂಬ. ಅದಕ್ಕಿಂತ ಹಿಂದೆ ಹೋದರೆ ಬ್ಯಾಕ್‌ವರ್ಡ್ ಸ್ಕ್ವೇರ್ ಲೆಗ್. ಎರಡನೇ ಅಂಪೈರ್ ಅಲ್ಲಿ ನಿಲ್ಲೋದಕ್ಕೂ ಕಾರಣ ಇದೇ: ಗೆರೆಯ ನೇರಕ್ಕೆ ನಿಂತರೆ ಮಾತ್ರ ಬ್ಯಾಟು ಗೆರೆ ದಾಟಿತೋ ಇಲ್ಲವೋ ಗೊತ್ತಾಗುತ್ತೆ, ಓರೆ ನಿಂತರೆ ಕಣ್ಣು ಮೋಸ ಮಾಡುತ್ತೆ. ಆಫ್ ಕಡೆ ಅದೇ ನೇರಕ್ಕೆ ಹೋಗುವ ಹೊಡೆತ ಸ್ಕ್ವೇರ್ ಕಟ್. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಹೆಸರು ಕೇಳಿದ ತಕ್ಷಣ ಹಿರಿಯರಿಗೆ ನೆನಪಾಗೋದು ಅದೇ. ಇನ್ನು ಕಾಮೆಂಟೇಟರ್ “ಬಾಲ್ ಸ್ಕ್ವೇರ್ ತಿರುಗ್ತಾ ಇದೆ” ಅಂದರೆ ಅದು ಸ್ವಲ್ಪ ಉತ್ಪ್ರೇಕ್ಷೆ ಅಷ್ಟೆ, 90 ಡಿಗ್ರಿ ತಿರುಗಿಸಿದವರು ಯಾರೂ ಇಲ್ಲ.

ಊರಿನ ಚೌಕಕ್ಕೂ ಸ್ಕ್ವೇರ್ ಅನ್ನುತ್ತಾರೆ, ಆದರೆ ಅಲ್ಲಿ ಆಕಾರ ಹುಡುಕಬೇಡಿ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್, ಬ್ರಾಡ್‌ವೇ ರಸ್ತೆ ಸೆವೆಂತ್ ಅವೆನ್ಯೂವನ್ನು ಓರೆಯಾಗಿ ದಾಟುವ ಜಾಗ. ಎರಡು ತ್ರಿಕೋನ ಮೂತಿಗೆ ಮೂತಿ ತಾಗಿಸಿದಂತಿದೆ.

[ಪರದೆ: ಮೊಬೈಲಿನಲ್ಲಿ ಟ್ರೇಡಿಂಗ್ ಆ್ಯಪ್. ಸಮಯ ಮಧ್ಯಾಹ್ನ 3.10.]

ನಿರೂಪಣೆ: ಕೊನೆಯದು ಷೇರುಪೇಟೆಯದು. “ವಿ ಆರ್ ಸ್ಕ್ವೇರ್” ಅಂದರೆ ಲೆಕ್ಕ ಚುಕ್ತಾ. ಅದೇ ಅರ್ಥದಲ್ಲಿ ‘ಸ್ಕ್ವೇರ್ ಆಫ್’: ಕೊಂಡದ್ದನ್ನು ಮಾರಿ, ಮಾರಿದ್ದನ್ನು ಕೊಂಡು, ಖಾತೆಯನ್ನು ಸೊನ್ನೆಗೆ ತರೋದು. ಪೇಟೆ ಮುಚ್ಚೋದು 3.30ಕ್ಕೆ, ಇಂಟ್ರಾಡೇ, ಅಂದರೆ ಅದೇ ದಿನ ಮುಗಿಸಬೇಕಾದ ವ್ಯವಹಾರ ಆದರೆ ಬ್ರೋಕರ್‌ಗಳು ಅದಕ್ಕೂ ಮುಂಚೆಯೇ ತಾವಾಗಿ ಸ್ಕ್ವೇರ್ ಆಫ್ ಮಾಡುತ್ತಾರೆ, ಹಲವರು ಅದಕ್ಕೆ ಬೇರೆ ಶುಲ್ಕವನ್ನೂ ಹಾಕುತ್ತಾರೆ. ಹೆಚ್ಚು ಅಪಾಯ ಶಾರ್ಟ್ ಮಾಡಿದವರಿಗೆ, ಅಂದರೆ ಕೈಯಲ್ಲಿಲ್ಲದ ಷೇರನ್ನು ಮೊದಲೇ ಮಾರಿದವರಿಗೆ. ಷೇರಿನ ಬೆಲೆ ಆ ದಿನದ ಗರಿಷ್ಠ ಮಿತಿಯಾದ ಅಪ್ಪರ್ ಸರ್ಕ್ಯೂಟ್‌ಗೆ ಹೋಗಿ ಮಾರುವವರೇ ಇಲ್ಲದಿದ್ದರೆ ಬ್ರೋಕರ್ ಕೈಯಲ್ಲೂ ಸ್ಕ್ವೇರ್ ಆಫ್ ಆಗುವುದಿಲ್ಲ. ಆಗ ನೀವು ಕೊಡಬೇಕಾದ ಷೇರನ್ನು ಎಕ್ಸ್‌ಚೇಂಜ್ ಹರಾಜಿನಲ್ಲಿ ಕೊಳ್ಳುತ್ತದೆ, ಅಲ್ಲಿ ಬಿದ್ದ ಬೆಲೆಯನ್ನು ನೀವೇ ಭರಿಸಬೇಕಾಗುತ್ತದೆ.