ನಾಲ್ಕು ಉಂಗುರಗಳ ಹೆಸರು, ಕೆಸರು

ಎಲ್ಲರಿಗೂ ನಮಸ್ಕಾರ.

ಔಡಿ ಎಂಬ ಹೆಸರು ನನ್ನ ತಲೆಮಾರಿನವರ ಕಿವಿಗೆ ಮೊದಲು ಬಿದ್ದದ್ದು ಕಾರಿನ ಮಳಿಗೆಯಿಂದಲ್ಲ, ಕ್ರಿಕೆಟ್ ಮೈದಾನದಿಂದ. 1985ರ ಮಾರ್ಚ್ 10ರಂದು ಮೆಲ್ಬರ್ನ್‌ನಲ್ಲಿ, ವಿಶ್ವ ಕ್ರಿಕೆಟ್ ಚಾಂಪಿಯನ್‌ಷಿಪ್ ಟೂರ್ನಿಯ ಫೈನಲ್‌ನಲ್ಲಿ, ಭಾರತ ತಂಡ ಪಾಕಿಸ್ತಾನವನ್ನು ಎಂಟು ವಿಕೆಟ್‌ಗಳಿಂದ ಸೋಲಿಸಿತು. ಟೂರ್ನಿಯ ಶ್ರೇಷ್ಠ ಆಟಗಾರನೆಂದು ರವಿ ಶಾಸ್ತ್ರಿ ಅವರಿಗೆ ಔಡಿ 100 ಕಾರು ಬಹುಮಾನವಾಗಿ ಬಂತು. ಅವರು ಸ್ಟೀರಿಂಗ್ ಹಿಡಿದು ಕುಳಿತದ್ದೇ ತಡ, ಉಳಿದ ಆಟಗಾರರು ಬಾನೆಟ್ಟು, ಚಾವಣಿ ಎನ್ನದೆ ಜಾಗ ಸಿಕ್ಕಲ್ಲೆಲ್ಲ ಹತ್ತಿಕೊಂಡರು. ಆ ಟೂರ್ನಿಯಲ್ಲಿ ವಿಕೆಟ್ ಹಿಂದೆ ನಿಂತು ಮಿಂಚಿದವರು ನಮ್ಮ ಬೆಂಗಳೂರಿನ ಸದಾನಂದ ವಿಶ್ವನಾಥ್. ಪೆಟ್ಟಿಗೆಯಂಥ ಅಂಬಾಸಿಡರ್, ಪದ್ಮಿನಿಗಳನ್ನೇ ನೋಡಿದ್ದ ನಮಗೆ ಗಾಳಿಗೆ ಮೈ ತೀಡಿಸಿಕೊಂಡಂತಿದ್ದ ಆ ಕಾರು ಬೇರೆ ಲೋಕದ್ದೆನಿಸಿತ್ತು.

ಅಮೆರಿಕದಲ್ಲಿ ಇದೇ ಕಾರನ್ನು ಔಡಿ 5000 ಎಂದು ಮಾರುತ್ತಿದ್ದರು. ಮೆಲ್ಬರ್ನ್‌ನ ಆ ಸಂಭ್ರಮಕ್ಕೆ ಎರಡು ವರ್ಷ ತುಂಬುವ ಮೊದಲೇ ಅಲ್ಲಿನ ಜನ ಅದನ್ನು ಕಂಡರೆ ಹೆದರುವಂತಾಯಿತು. ಆ ಹೆದರಿಕೆಗೆ ಆಧಾರವಿರಲಿಲ್ಲ ಎನ್ನಬಹುದು. ಮೂವತ್ತು ವರ್ಷಗಳ ನಂತರ ಇದೇ ಕಂಪನಿ ನಿಜವಾಗಿಯೂ ಮೋಸ ಮಾಡಿ ಸಿಕ್ಕಿಬಿದ್ದಾಗ ಅದರ ವ್ಯಾಪಾರಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಹೀಗೇಕಾಯಿತು ಎಂಬುದೇ ಇಂದು ನಾನು ಮಾತನಾಡಬೇಕೆಂದಿರುವ ವಿಷಯ. ಅದಕ್ಕೆ ಮೊದಲು ಈ ಕಂಪನಿ ಎಲ್ಲಿಂದ ಬಂತೆಂದು ಸ್ವಲ್ಪ ನೋಡೋಣ.

ಔಗುಸ್ಟ್ ಹೋರ್ಖ್ ಎಂಬ ಜರ್ಮನ್ ಎಂಜಿನಿಯರ್ ಮನ್‌ಹೈಮ್‌ನಲ್ಲಿ ಕಾರ್ಲ್ ಬೆಂಜ್ ಅವರ ಬಳಿ ಕೆಲಸ ಕಲಿತು, 1899ರಲ್ಲಿ ತನ್ನ ಹೆಸರಿನದೇ ಕಂಪನಿ ತೆರೆದ. ಹತ್ತು ವರ್ಷಗಳಲ್ಲಿ ಆಡಳಿತ ಮಂಡಳಿಯೊಂದಿಗೆ ಜಗಳವಾಡಿಕೊಂಡು ಹೊರಬಿದ್ದು, ಸ್ಯಾಕ್ಸನಿಯ ಸ್ವಿಕೌ ಪಟ್ಟಣದಲ್ಲಿಯೇ ಇನ್ನೊಂದು ಕಂಪನಿ ಕಟ್ಟಿದ. ಸ್ವಂತ ಹೆಸರನ್ನು ಬಳಸುವ ಹಕ್ಕನ್ನು ನ್ಯಾಯಾಲಯದಲ್ಲಿ ಕಳೆದುಕೊಂಡದ್ದರಿಂದ ಔಡಿ ಎಂಬ ಹೆಸರು ಬಂತು. ಅದರ ಹಿಂದಿನ ಲ್ಯಾಟಿನ್ ಕಥೆ ಎಲ್ಲ ಕಡೆ ಸಿಗುತ್ತದೆ, ಬಿಡೋಣ. ಲಾಂಛನದ ಕಥೆ ಇದಕ್ಕಿಂತ ಮುಖ್ಯ. 1932ರ ಆರ್ಥಿಕ ಮುಗ್ಗಟ್ಟಿನಲ್ಲಿ ಸ್ಯಾಕ್ಸನಿಯ ಸರ್ಕಾರಿ ಬ್ಯಾಂಕು ತನ್ನ ಸಾಲ ಮುಳುಗದಿರಲೆಂದು ಔಡಿ, ಡಿಕೆಡಬ್ಲ್ಯು, ಹೋರ್ಖ್ ಮತ್ತು ವಾಂಡರರ್ ಎಂಬ ನಾಲ್ಕನ್ನು ಸೇರಿಸಿ ಆಟೊ ಯೂನಿಯನ್ ಮಾಡಿತು. ನಾಲ್ಕು ಉಂಗುರಗಳು ಆ ನಾಲ್ವರ ಗುರುತು. ಅವರಲ್ಲಿ ಅನ್ನ ದುಡಿಯುತ್ತಿದ್ದದ್ದು ಮೋಟಾರ್ ಸೈಕಲ್ಲು ಮತ್ತು ಅಗ್ಗದ ಸಣ್ಣ ಕಾರುಗಳ ಡಿಕೆಡಬ್ಲ್ಯು. ಔಡಿ ಆಗ ಹೆಸರಿಗಷ್ಟೇ ಇತ್ತು.

ಆಮೇಲೆ ಬಂದದ್ದು ಹಿಟ್ಲರನ ಕಾಲ. ಸರ್ಕಾರದ ಹಣದಿಂದ ಮರ್ಸಿಡಿಸ್ ಮತ್ತು ಆಟೊ ಯೂನಿಯನ್ ಬೆಳ್ಳಿ ಬಣ್ಣದ ರೇಸ್ ಕಾರುಗಳನ್ನು ಓಡಿಸಿ ಯುರೋಪಿನ ಬಹುತೇಕ ದೊಡ್ಡ ಪಂದ್ಯಗಳನ್ನು ಗೆದ್ದವು. ಆಟೊ ಯೂನಿಯನ್ನಿನ ಕಾರಿಗೆ 16 ಸಿಲಿಂಡರ್. ಎಂಜಿನ್ ಚಾಲಕನ ಬೆನ್ನ ಹಿಂದೆ. ಅದರ ವಿನ್ಯಾಸ ಫರ್ಡಿನಂಡ್ ಪೋರ್ಶೆ ಅವರದು. ಅದನ್ನು ಓಡಿಸುತ್ತಿದ್ದ ಬರ್ನ್ಟ್ ರೋಸೆಮೇಯರ್ 1938ರ ಜನವರಿಯಲ್ಲಿ ಫ್ರಾಂಕ್‌ಫರ್ಟ್–ಡಾರ್ಮ್‌ಸ್ಟಾಟ್ ಹೆದ್ದಾರಿಯಲ್ಲಿ ವೇಗದ ದಾಖಲೆಗೆ ಹೊರಟು ಸತ್ತ. ಕಂಪನಿಯ ವಸ್ತುಸಂಗ್ರಹಾಲಯದಲ್ಲಿ ಈ ರೇಸುಗಳ ವೈಭವ ಹೊಳೆಯುತ್ತದೆ. ಅದೇ ಕಾಲದ ಇನ್ನೊಂದು ಲೆಕ್ಕ ಹೊರಬರಲು 2014ರವರೆಗೆ ಕಾಯಬೇಕಾಯಿತು. ಔಡಿಯೇ ಮಾಡಿಸಿದ ಇತಿಹಾಸಕಾರರ ಅಧ್ಯಯನದ ಪ್ರಕಾರ, ಯುದ್ಧಕಾಲದಲ್ಲಿ ಆಟೊ ಯೂನಿಯನ್‌ಗಾಗಿ ನಡೆದ ಏಳು ಶಿಬಿರಗಳಲ್ಲಿ 3,700ಕ್ಕೂ ಹೆಚ್ಚು ಯಾತನಾ ಶಿಬಿರದ ಕೈದಿಗಳನ್ನು ದುಡಿಸಲಾಯಿತು. ಲೈಟ್‌ಮೆರಿಟ್ಸ್ ಶಿಬಿರದಲ್ಲಿ ಸತ್ತ ಸುಮಾರು 4,500 ಜನರ ವಿಷಯದಲ್ಲಿ ಕಂಪನಿಗೆ ನೈತಿಕ ಹೊಣೆಯಿದೆ ಎಂದೂ ಅದು ಹೇಳಿತು. ಆ ಕಾಲದಲ್ಲಿ ಕಂಪನಿಯ ಮುಖ್ಯಸ್ಥನಾಗಿದ್ದ ರಿಚರ್ಡ್ ಬ್ರೂನ್ ಯುದ್ಧದ ನಂತರವೂ ಅದೇ ಕುರ್ಚಿಗೆ ಮರಳಿದ್ದ. ಅಧ್ಯಯನ ಮಾಡಿಸಿದ್ದಕ್ಕೆ ಕಂಪನಿಯನ್ನು ಮೆಚ್ಚಬಹುದು. ಅದಕ್ಕೆ ಎಪ್ಪತ್ತು ವರ್ಷ ಬೇಕಾಯಿತೆಂಬುದನ್ನೂ ಜೊತೆಗೇ ಹೇಳಬೇಕು.

ಯುದ್ಧ ಮುಗಿದಾಗ ಕಾರ್ಖಾನೆಗಳೆಲ್ಲ ಸೋವಿಯತ್ ವಲಯದಲ್ಲಿದ್ದವು. ಯಂತ್ರಗಳನ್ನು ಬಿಚ್ಚಿ ಒಯ್ದರು. ಸ್ವಿಕೌನ ಹಳೆಯ ಶೆಡ್ಡುಗಳಿಂದ ಮುಂದೆ ಹೊರಬಂದದ್ದು ಟ್ರಾಬಾಂಟ್, ಪೂರ್ವ ಜರ್ಮನಿಯ ಹೊಗೆಯುಗುಳುವ ಪ್ರಸಿದ್ಧ ಪುಟ್ಟ ಕಾರು. ಟ್ರಾಬಾಂಟ್ ನೋಡಿ ನಗುವವರಿಗೆ ಅದು ಔಡಿಯ ದಾಯಾದಿ ಎಂದು ಹೇಳಿದರೆ ನಂಬುವುದಿಲ್ಲ. ಪಶ್ಚಿಮಕ್ಕೆ ಓಡಿಬಂದವರು 1949ರಲ್ಲಿ ಬವೇರಿಯಾದ ಇಂಗೋಲ್‌ಸ್ಟಾಟ್‌ನಲ್ಲಿ ಬೈಕು ಮತ್ತು ಸಣ್ಣ ವ್ಯಾನುಗಳಿಂದ ಮತ್ತೆ ಶುರುಮಾಡಿದರು. 1958ರಲ್ಲಿ ಅದು ಡೈಮ್ಲರ್-ಬೆಂಜ್ ಪಾಲಾಯಿತು, 1964ರಿಂದ ಫೋಕ್ಸ್‌ವ್ಯಾಗನ್ ಕೈ ಸೇರಿತು. ಫೋಕ್ಸ್‌ವ್ಯಾಗನ್ ಮುಖ್ಯಸ್ಥ ಹೈನ್ರಿಖ್ ನೋರ್ಡ್‌ಹೋಫ್‌ಗೆ ಬೇಕಿದ್ದದ್ದು ತಮ್ಮ ಬೀಟಲ್ ಕಾರುಗಳನ್ನು ಜೋಡಿಸಲು ಜಾಗ. ಇಂಗೋಲ್‌ಸ್ಟಾಟ್‌ನಲ್ಲಿ ಹೊಸ ಕಾರಿನ ವಿನ್ಯಾಸ ಮಾಡಕೂಡದೆಂದು ಅವರು ಕಟ್ಟಪ್ಪಣೆ ಮಾಡಿದ್ದರು. ಲುಡ್ವಿಗ್ ಕ್ರೌಸ್ ಎಂಬ ಎಂಜಿನಿಯರ್ ಅದನ್ನು ಮೀರಿ ಗುಟ್ಟಾಗಿ ಔಡಿ 100 ಕಾರನ್ನು ರೂಪಿಸಿದರು. ಸಿದ್ಧವಾದ ಕಾರನ್ನು ನೋಡಿ ನೋರ್ಡ್‌ಹೋಫ್ ಒಪ್ಪಿಕೊಂಡರು. 1968ರಲ್ಲಿ ಬಂದ ಆ ಮೊದಲ ತಲೆಮಾರಿನ ಕಾರು ಎಂಟು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಬೀಟಲ್‌ನಿಂದಾಚೆ ಏನು ಮಾಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ ಫೋಕ್ಸ್‌ವ್ಯಾಗನ್‌ಗೆ 1973ರ ಪಸಾಟ್ ಕಾರು ಸಿಕ್ಕಿದ್ದೂ ಔಡಿ 80ರ ವಿನ್ಯಾಸದಿಂದಲೇ. ಮೇಲಿನವರ ಮಾತು ಕೇಳದಿದ್ದದ್ದರಿಂದ ಉಳಿದ ಕಂಪನಿ ಇದು. ಎಂಜಿನಿಯರ್‌ಗೇ ಎಲ್ಲ ಗೊತ್ತು ಎಂಬ ಹಮ್ಮು ಅಲ್ಲಿ ಬೇರೂರಿದ್ದು ಆಗಲೇ ಎಂದು ನನ್ನ ಊಹೆ.

ಆ ಹಮ್ಮಿಗೆ ತಕ್ಕ ಕೆಲಸವನ್ನೂ ಅವರು ಮಾಡಿ ತೋರಿಸಿದರು. 1977ರ ಚಳಿಗಾಲದಲ್ಲಿ ಫಿನ್‌ಲೆಂಡಿನ ಹಿಮದಲ್ಲಿ ಕಾರುಗಳನ್ನು ಪರೀಕ್ಷಿಸುತ್ತಿದ್ದಾಗ, ಸೈನ್ಯಕ್ಕೆಂದು ಮಾಡಿದ್ದ ಇಲ್ಟಿಸ್ ಎಂಬ ಜೀಪು, ಅದರ ಎಂಜಿನ್ ಶಕ್ತಿ ಕಡಿಮೆಯಿದ್ದರೂ, ದೊಡ್ಡ ಕಾರುಗಳನ್ನು ಹಿಂದೆ ಹಾಕುತ್ತಿತ್ತು. ಕಾರಣ, ನಾಲ್ಕೂ ಚಕ್ರಗಳಿಗೆ ಬಲ ಹೋಗುತ್ತಿತ್ತು. ಯೋರ್ಗ್ ಬೆನ್ಸಿಂಗರ್ ಎಂಬ ಎಂಜಿನಿಯರ್ ಇದನ್ನು ರಸ್ತೆಯ ಕಾರಿಗೂ ತರಬಹುದಲ್ಲ ಎಂದು ಫರ್ಡಿನಂಡ್ ಪೀಎಖ್ ಮುಂದೆ ಇಟ್ಟರು. ಪೀಎಖ್ ಆಗ ಅಲ್ಲಿನ ತಾಂತ್ರಿಕ ವಿಭಾಗದ ಮುಖ್ಯಸ್ಥ, ಪೋರ್ಶೆಯ ಮೊಮ್ಮಗ. ಜೀಪುಗಳಲ್ಲಿ ನಾಲ್ಕು ಚಕ್ರಗಳಿಗೆ ಬಲ ಹಂಚಲು ಬೇರೆಯದೇ ಭಾರವಾದ ಗೇರುಪೆಟ್ಟಿಗೆ ಬೇಕಾಗುತ್ತಿತ್ತು. ಔಡಿಯವರು ಗೇರ್‌ಬಾಕ್ಸಿನ ಒಳದಂಡವನ್ನೇ ಟೊಳ್ಳು ಮಾಡಿ ಅದರೊಳಗೆ ಇನ್ನೊಂದು ದಂಡ ತೂರಿಸಿದರು. ಹೊರಗಿನ ದಂಡ ಬಲವನ್ನು ಹಿಂದಕ್ಕೆ ಒಯ್ಯುತ್ತದೆ. ಅಲ್ಲಿ ಡಿಫರೆನ್ಷಿಯಲ್ ಅದನ್ನು ಎರಡು ಪಾಲು ಮಾಡಿ, ಒಂದನ್ನು ಹಿಂದಿನ ಚಕ್ರಗಳಿಗೆ ಕಳಿಸುತ್ತದೆ, ಇನ್ನೊಂದು ಒಳಗಿನ ದಂಡದ ಮೂಲಕ ಮುಂದಕ್ಕೆ ಮರಳುತ್ತದೆ. ಮೆಕ್ಯಾನಿಕಲ್ ಓದಿದವರಿಗೆ ಈ ಉಪಾಯದ ಸೊಗಸು ಗೊತ್ತಾಗುತ್ತದೆ. 1980ರಲ್ಲಿ ಜಿನೀವಾದಲ್ಲಿ ಈ ವ್ಯವಸ್ಥೆಯ ಕಾರು ಕ್ವಾಟ್ರೊ ಎಂಬ ಹೆಸರಿನಲ್ಲಿ ಹೊರಬಂತು. ಮರುವರ್ಷ ಮಿಷೆಲ್ ಮೂಟೋನ್ ಅದರಲ್ಲಿ ಸ್ಯಾನ್ ರೆಮೊ ರ‍್ಯಾಲಿ ಗೆದ್ದರು. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತೊಂದನ್ನು ಗೆದ್ದ ಮೊದಲ ಮಹಿಳೆ ಅವರು. ಕ್ವಾಟ್ರೊದ ಬಲದಿಂದಲೇ ಔಡಿ, ಬೆಂಜ್ ಮತ್ತು ಬಿಎಂಡಬ್ಲ್ಯು ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡಿತು.

ಈಗ 1986ಕ್ಕೆ ಬರೋಣ. ಅಮೆರಿಕದಲ್ಲಿ ಕೆಲವು ಔಡಿ 5000 ಮಾಲೀಕರು ಒಂದೇ ಬಗೆಯ ದೂರು ಹೇಳತೊಡಗಿದ್ದರು: ನಿಂತ ಕಾರನ್ನು ಗೇರಿಗೆ ಹಾಕಿದ ಕೂಡಲೇ ಅದು ತಾನಾಗಿ ನುಗ್ಗಿತು, ಬ್ರೇಕ್ ಎಷ್ಟು ಒತ್ತಿದರೂ ನಿಲ್ಲಲಿಲ್ಲ. ಸಾವುಗಳೂ ಆಗಿದ್ದವು. ನವೆಂಬರ್ 23ರಂದು ಸಿಬಿಎಸ್ ವಾಹಿನಿಯ ಸಿಕ್ಸ್ಟಿ ಮಿನಿಟ್ಸ್ ಕಾರ್ಯಕ್ರಮ ಇದನ್ನು ಪ್ರಸಾರ ಮಾಡಿತು. ತನ್ನ ಮಗುವನ್ನೇ ಕಳೆದುಕೊಂಡ ತಾಯಿ ಅದರಲ್ಲಿ ಮಾತನಾಡಿದರು. ಚಾಲಕನಿಲ್ಲದೆಯೇ ಪೆಡಲ್ ಕೆಳಗಿಳಿದು ಕಾರು ಮುನ್ನುಗ್ಗುವ ದೃಶ್ಯವೂ ಇತ್ತು. ಆ ಕಾರಿನ ಗೇರ್‌ಬಾಕ್ಸಿಗೆ ರಂಧ್ರ ಕೊರೆದು ಹೊರಗಿನಿಂದ ಒತ್ತಡದ ಗಾಳಿ ನುಗ್ಗಿಸಿದ್ದರು ಎಂಬುದು ಮಾತ್ರ ನೋಡುಗರಿಗೆ ಗೊತ್ತಿರಲಿಲ್ಲ.

ಅಮೆರಿಕ ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆ ತನಿಖೆ ನಡೆಸಿ 1989ರಲ್ಲಿ ವರದಿ ಕೊಟ್ಟಿತು. ಎಂಜಿನ್ ಪೂರ್ತಿ ಬಲದಲ್ಲಿ ಓಡುತ್ತಿದ್ದರೂ ಬ್ರೇಕ್ ಗಟ್ಟಿಯಾಗಿ ಒತ್ತಿದರೆ ಕಾರು ನಿಲ್ಲಲೇಬೇಕು. ಎಂಜಿನ್ನೂ ಬ್ರೇಕೂ ಏಕಕಾಲಕ್ಕೆ ಕೆಟ್ಟು, ಆಮೇಲೆ ಯಾವ ಗುರುತೂ ಉಳಿಯದಂತೆ ತಾವಾಗಿ ಸರಿಹೋಗುವುದು ಆಗದ ಮಾತು. ಬಹುತೇಕ ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಎಂದುಕೊಂಡು ಒತ್ತಿದ್ದು ಆಕ್ಸಿಲರೇಟರ್. ಆದರೆ ವರದಿ ಕಂಪನಿಯನ್ನು ಪೂರ್ತಿ ನಿರ್ದೋಷಿ ಎನ್ನಲಿಲ್ಲ. ಕಾರು ನಿಂತಿರುವಾಗ ಎಂಜಿನ್ನಿನ ವೇಗವನ್ನು ನಿಯಂತ್ರಿಸುವ ಭಾಗದಲ್ಲಿ ದೋಷವಿದ್ದಾಗ ಕಾರು ಚೂರು ಜಿಗಿಯುತ್ತಿತ್ತು. ಬೆಚ್ಚಿದ ಚಾಲಕ ಅಮೆರಿಕದ ಕಾರುಗಳಿಗಿಂತ ಬೇರೆ ಬಗೆಯಲ್ಲಿ ಜೋಡಿಸಿದ್ದ ಪೆಡಲ್‌ಗಳ ಮೇಲೆ ಕಾಲು ತಪ್ಪಿಸಿಕೊಳ್ಳುವ ಸಾಧ್ಯತೆಯಿತ್ತು. ಬ್ರೇಕ್ ಒತ್ತದೆ ಗೇರು ಬದಲಾಗದಂತೆ ತಡೆಯುವ ಬೀಗವನ್ನು ಔಡಿ ಹಳೆಯ ಕಾರುಗಳಿಗೂ ಹಾಕಿಕೊಟ್ಟಿತು. ಇಂದು ಆಟೊಮ್ಯಾಟಿಕ್ ಕಾರುಗಳಲ್ಲಿ ಇದು ಸರ್ವೇಸಾಮಾನ್ಯ.

ವರದಿ ಬರುವ ಹೊತ್ತಿಗೆ ಆಗುವುದೆಲ್ಲ ಆಗಿಹೋಗಿತ್ತು. 1985ರಲ್ಲಿ ಅಮೆರಿಕದಲ್ಲಿ 74 ಸಾವಿರ ಕಾರು ಮಾರಿದ್ದ ಔಡಿ 1991ರಲ್ಲಿ ಮಾರಿದ್ದು ಸುಮಾರು 12 ಸಾವಿರ. 5000 ಎಂಬ ಹೆಸರನ್ನೇ ಕೈಬಿಡಬೇಕಾಯಿತು. ಟಿವಿಯವರನ್ನು ಬೈಯುವುದು ಸುಲಭ. ನನಗೆ ಕಾಣುವಂತೆ, ಕಂಪನಿಯ ಮಾತಿನ ಧಾಟಿಯೂ ಅಷ್ಟೇ ಕೆಡುಕು ಮಾಡಿತು. ಮಗುವನ್ನು ಕಳೆದುಕೊಂಡ ತಾಯಿಗೆ ‘ತಪ್ಪು ನಿಮ್ಮ ಕಾಲಿನದು’ ಎಂಬಂತೆ ಉತ್ತರಿಸಿದರೆ, ಆ ಉತ್ತರ ತಾಂತ್ರಿಕವಾಗಿ ಸರಿಯಿದ್ದರೂ ಕೇಳಿದವರು ಯಾರು ಕಾರು ಕೊಳ್ಳುತ್ತಾರೆ?

ಮೊದಲೇ ಹೇಳಿದ ಮೋಸದ, ಅಂದರೆ ಡೀಸೆಲ್ ಪ್ರಕರಣದ, ದಾರಿ ಬೇರೆ. ಟಿಡಿಐ ಎಂಬ ಡೀಸೆಲ್ ಎಂಜಿನ್ ಔಡಿಯ ಹೆಮ್ಮೆಯ ಕೂಸು. 1989ರಲ್ಲಿ ಔಡಿ 100ರಲ್ಲಿಯೇ ಅದು ಮೊದಲು ಬಂದದ್ದು. 2006ರಲ್ಲಿ ಲೆ ಮಾನ್‌ನ 24 ಗಂಟೆಗಳ ಓಟ ಗೆದ್ದ ಮೊದಲ ಡೀಸೆಲ್ ಕಾರೂ ಔಡಿಯದೇ. ಡೀಸೆಲ್ಲೂ ಶುದ್ಧವಾಗಿರಬಲ್ಲದು ಎಂದು ಅಮೆರಿಕನ್ನರಿಗೆ ಜಾಹೀರಾತಿನ ಮೇಲೆ ಜಾಹೀರಾತು ಬಂತು. 2013ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಹೊಗೆ ಅಳೆಯುವ ಉಪಕರಣಗಳನ್ನು ಡಿಕ್ಕಿಯಲ್ಲಿ ತುಂಬಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಡೀಸೆಲ್ ಕಾರುಗಳನ್ನು ಓಡಿಸಿತು. ಆ ತಂಡದ ವಿದ್ಯಾರ್ಥಿಗಳಲ್ಲಿ ಭಾರತೀಯರಿದ್ದರು, ಒಬ್ಬರು ಬೆಂಗಳೂರಿನವರು. ಬಿಎಂಡಬ್ಲ್ಯು ಕಾರು ಬಹುಮಟ್ಟಿಗೆ ನಿಯಮದೊಳಗಿತ್ತು. ಫೋಕ್ಸ್‌ವ್ಯಾಗನ್‌ನ ಎರಡು ಕಾರುಗಳ ಹೊಗೆಯಲ್ಲಿ ಸಾರಜನಕದ ಆಕ್ಸೈಡ್ ಎಂಬ ವಿಷಾನಿಲ ಮಿತಿಗಿಂತ ಎಷ್ಟೋ ಹೆಚ್ಚಿದ್ದದ್ದನ್ನು ಕಂಡು ಅವರು ತಮ್ಮ ಉಪಕರಣವೇ ಕೆಟ್ಟಿರಬಹುದೆಂದು ಮತ್ತೆ ಪರೀಕ್ಷಿಸಿದರು. ಉಪಕರಣ ಸರಿಯಾಗಿಯೇ ಇತ್ತು. ಪ್ರಯೋಗಾಲಯದಲ್ಲಿ ಪರೀಕ್ಷೆ ನಡೆಯುತ್ತಿದೆಯೆಂದು ಕಾರಿನ ಸಾಫ್ಟ್‌ವೇರ್ ಗುರುತಿಸಿ, ಅಷ್ಟು ಹೊತ್ತು ಮಾತ್ರ ಸಭ್ಯವಾಗಿ ನಡೆದುಕೊಳ್ಳುತ್ತಿತ್ತು.

2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಫೋಕ್ಸ್‌ವ್ಯಾಗನ್‌ಗೆ ನೋಟಿಸ್ ಕೊಟ್ಟಿತು. ಅದರಲ್ಲಿದ್ದ ಕಾರುಗಳ ಪಟ್ಟಿಯಲ್ಲಿ ಔಡಿಯ ಎ3 ಕಾರೂ ಇತ್ತು. ನವೆಂಬರ್‌ನ ಎರಡನೆಯ ನೋಟಿಸು ಬಂದದ್ದು ಔಡಿಯೇ ರೂಪಿಸಿದ ಮೂರು ಲೀಟರ್ ಎಂಜಿನ್ನಿನ ಮೇಲೆ. ಮಿತಿಗಿಂತ ಒಂಬತ್ತು ಪಟ್ಟುವರೆಗೆ ಮಾಲಿನ್ಯ. ಅದೇ ಡಿಸೆಂಬರ್‌ನಲ್ಲಿ ಭಾರತದಲ್ಲಿಯೂ ಫೋಕ್ಸ್‌ವ್ಯಾಗನ್, ಸ್ಕೋಡಾ, ಔಡಿ ಸೇರಿ 3.23 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯಲಾಯಿತು. 2018ರ ಜೂನ್‌ನಲ್ಲಿ ಔಡಿಯ ಮುಖ್ಯಸ್ಥ ರೂಪರ್ಟ್ ಸ್ಟಾಡ್ಲರ್ ಬಂಧನವಾಯಿತು. ಅಕ್ಟೋಬರ್‌ನಲ್ಲಿ ಕಂಪನಿ 80 ಕೋಟಿ ಯೂರೊ ದಂಡ ತೆತ್ತಿತು. ಸ್ಟಾಡ್ಲರ್ 2023ರಲ್ಲಿ ತಪ್ಪೊಪ್ಪಿಕೊಂಡರು. 11 ಲಕ್ಷ ಯೂರೊ ಪಾವತಿಯ ಷರತ್ತಿನ ಮೇಲೆ ಜೈಲು ಶಿಕ್ಷೆ ಅಮಾನತಿನಲ್ಲಿ ಉಳಿಯಿತು.

ಮಾರಾಟದ ಗತಿ? ಅಮೆರಿಕದಲ್ಲಿ 2015ರಲ್ಲಿ 2 ಲಕ್ಷ 2 ಸಾವಿರ ಔಡಿಗಳು ಮಾರಾಟವಾಗಿದ್ದವು. ಹಗರಣ ಜಗಜ್ಜಾಹೀರಾದ ಮರುವರ್ಷ 2 ಲಕ್ಷ 10 ಸಾವಿರ, ಅದರ ಮುಂದಿನ ವರ್ಷ 2 ಲಕ್ಷ 26 ಸಾವಿರ.

ಈ ಅಂಕಿಗಳನ್ನು 1991ರ 12 ಸಾವಿರದ ಪಕ್ಕದಲ್ಲಿಟ್ಟು ನೋಡಿ. 1986ರ ಆರೋಪ ಕೊಳ್ಳುವವನ ಗ್ಯಾರೇಜಿನೊಳಗೆ, ಅವನ ಮಗುವಿನ ಎದುರಿಗೆ ನಡೆಯುವಂಥದ್ದು. 2015ರ ಹೊಗೆ ಹೋದದ್ದು ಹಿಂದೆ ಬರುವ ಗುರುತಿಲ್ಲದವರ ಶ್ವಾಸಕೋಶಕ್ಕೆ. ಕಾರು ಓಡಿಸುವವನಿಗೆ ಒಳ್ಳೆಯ ಮೈಲೇಜು, ಒಳ್ಳೆಯ ಎಳೆತ, ಏನೂ ಕಡಿಮೆಯಾಗಲಿಲ್ಲ. ಉಬ್ಬಸದಿಂದ ನರಳಿದ ಯಾರೂ ಇಂಥ ಕಾರಿನ ಹೊಗೆಯಿಂದಲೇ ನನಗೆ ಹೀಗಾಯಿತೆಂದು ಟಿವಿಯ ಮುಂದೆ ತೋರಿಸಲು ಸಾಧ್ಯವಿಲ್ಲ. ಅಮೆರಿಕದಲ್ಲಿ ಔಡಿ ಆಗಲೇ ಡೀಸೆಲ್‌ಗಿಂತ ಪೆಟ್ರೋಲ್ ಕಾರುಗಳನ್ನೇ ಹೆಚ್ಚು ಮಾರುತ್ತಿತ್ತೆಂಬುದೂ ನೆರವಿಗೆ ಬಂತು, ನಿಜ. ಆದರೂ, ಕಾರಿನ ಹೆಸರನ್ನು ಕೊಳ್ಳುವವನ ಸ್ವಂತ ಭಯ ಅಲುಗಾಡಿಸಿದಷ್ಟು ಊರಿನ ಗಾಳಿ ಅಲುಗಾಡಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ಅದನ್ನು ಸರಿದೂಗಿಸಬೇಕಾದದ್ದು ಕಾನೂನು, ಮಾರುಕಟ್ಟೆಯಲ್ಲ. ನಮ್ಮಲ್ಲಿಯೂ ಈಗ ವಾಹನಗಳ ಹೊಗೆಯನ್ನು ರಸ್ತೆಯ ಮೇಲೆಯೇ ಅಳೆಯುವ ನಿಯಮ ಬಿಎಸ್-6 ಮಾಲಿನ್ಯ ಮಾನದಂಡದ ಎರಡನೆಯ ಹಂತದೊಂದಿಗೆ 2023ರಲ್ಲಿ ಜಾರಿಯಾಗಿದೆ.

ಔಡಿಗೆ ಈಗ ಪೆಟ್ಟು ಬೀಳುತ್ತಿರುವುದು ಇನ್ನೊಂದು ದಿಕ್ಕಿನಿಂದ. ಅದರ ವಿದ್ಯುತ್ ಕಾರು ತಯಾರಾಗುತ್ತಿದ್ದ ಬ್ರಸೆಲ್ಸ್ ಕಾರ್ಖಾನೆ 2025ರ ಫೆಬ್ರುವರಿಯಲ್ಲಿ ಮುಚ್ಚಿತು. ಚೀನಾದ ಯುವಕರಿಗೆ ಕ್ವಾಟ್ರೊ, ಲೆ ಮಾನ್ ಯಾವುದೂ ನೆನಪಿನಲ್ಲಿಲ್ಲ. ಅವರು ಕೇಳುವುದು ಪರದೆ ಎಷ್ಟು ದೊಡ್ಡದು, ಕಾರು ಎಷ್ಟು ಬೇಗ ಚಾರ್ಜ್ ಆಗುತ್ತದೆ ಎಂದು. ಅವರಿಗಾಗಿ ಎಸ್‌ಎಐಸಿ ಎಂಬ ಚೀನಾದ ಕಾರು ಕಂಪನಿಯ ಜೊತೆಗೂಡಿ 2024ರ ನವೆಂಬರ್‌ನಲ್ಲಿ ಔಡಿ ಹೊಸ ವಿದ್ಯುತ್ ಕಾರಿನ ಬ್ರ್ಯಾಂಡ್ ಪ್ರಕಟಿಸಿತು. ಅದರ ಮುಂಭಾಗದಲ್ಲಿ ನಾಲ್ಕು ಉಂಗುರಗಳಿಲ್ಲ. ಬರೀ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಬರೆದಿದ್ದಾರೆ. ಬ್ಯಾಂಕಿನವರು ಸಾಲ ವಸೂಲಿಗೆ ಜೋಡಿಸಿದ ಉಂಗುರಗಳನ್ನು ಮಾರಾಟದವರು ಬಿಚ್ಚಿಟ್ಟರು. ಎರಡು ಬಾರಿಯೂ ಎಂಜಿನಿಯರ್‌ಗಳನ್ನು ಯಾರೂ ಕೇಳಿದಂತಿಲ್ಲ.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ, ಯಾವ ಕಾರು ಕೊಳ್ಳಬೇಕೆಂಬುದನ್ನು ಮಾತ್ರ ಕೇಳಬೇಡಿ.